ಪೇಟಿಯ ವನವಾಸ

ಧಾರವಾಡ, ಬೆಳಗಾವಿಗಳ ಕಡೆಯಲ್ಲಿ, ಹಾಗೆಯೇ ಮುಂಬೈ–ಪುಣೆಗಳ ಸಂಗೀತವಲಯದಲ್ಲಿ, ಹಾರ್ಮೋನಿಯಂಗೆ ‘ಪೇಟಿ’ ಎಂಬ ಹೆಸರೇ ರೂಢಿ. ಪೇಟಿ ಎಂದರೆ ಪೆಟ್ಟಿಗೆ. ವೀಣೆ, ತಂಬೂರಿ, ಸಾರಂಗಿ ಎಂಬ ಹೆಸರುಗಳ ಸುತ್ತ ಇರುವ ಪ್ರಭಾವಲಯ ಈ ಹೆಸರಿಗಿಲ್ಲ. ಗೃಹಸ್ಥನ ಮನೆಯ ಮೂಲೆಯಲ್ಲಿ, ಭಜನೆಯ ಕಟ್ಟೆಯಲ್ಲಿ, ಕೀರ್ತನಕಾರರ ಪಕ್ಕದಲ್ಲಿ, ನಾಟಕದ ಕಂಪನಿಯಲ್ಲಿ ಎಲ್ಲೆಂದರಲ್ಲಿ ಕಾಣಿಸಿಕೊಳ್ಳುವ ಈ ಪೆಟ್ಟಿಗೆಯನ್ನು ಆಲ್ ಇಂಡಿಯಾ ರೇಡಿಯೋ 1940ರ ಮಾರ್ಚ್ 1ರಿಂದ ತನ್ನ ಎಲ್ಲ ನಿಲಯಗಳಿಂದ ಹೊರಗಿಟ್ಟಿತು. ಆ ಬಹಿಷ್ಕಾರ ಭಾಗಶಃ ಸಡಿಲಗೊಂಡದ್ದು 1971ರಲ್ಲಿ. ರಾಮನಿಗೆ ವನವಾಸ ಹದಿನಾಲ್ಕು ವರ್ಷ, ಪಾಂಡವರಿಗೆ ಹದಿಮೂರು, ಪೇಟಿಗೆ ಮೂವತ್ತೊಂದು.

ಒಬ್ಬ ಕಲಾವಿದ ಹಾಡಿದ್ದು ಸರಿಯಿಲ್ಲ ಎಂದು ಅವನನ್ನು ನಿರಾಕರಿಸುವುದು ಬೇರೆ. ಅವನು ಯಾವ ಸಾಧನವನ್ನು ಕೈಗೆತ್ತಿಕೊಂಡನೆಂಬ ಕಾರಣಕ್ಕೇ, ಕೇಳುವ ಮೊದಲೇ, ಬಾಗಿಲು ಮುಚ್ಚುವುದು ಬೇರೆ. ಹಾರ್ಮೋನಿಯಂನ ಕಥೆ ಎರಡನೆಯ ಬಗೆಯದು. ಸಾಧನದಿಂದ ಕಲೆಯ ಬೆಲೆ ಹೆಚ್ಚುತ್ತದೆಯೇ, ಕುಗ್ಗುತ್ತದೆಯೇ ಎಂಬ ಹಳೆಯ ಪ್ರಶ್ನೆಯನ್ನು ನಮ್ಮ ದೇಶದಲ್ಲಿ ಒಂದು ಸಂಸ್ಥೆ ಆದೇಶದ ಮೂಲಕವೇ ಇತ್ಯರ್ಥಗೊಳಿಸಲು ಹೊರಟ ಅಪರೂಪದ ಪ್ರಸಂಗವಿದು.

ವಾದ್ಯದ ಹುಟ್ಟಿನಿಂದಲೇ ಆರಂಭಿಸೋಣ. 1842ರಲ್ಲಿ ಪ್ಯಾರಿಸ್‌ನ ಅಲೆಕ್ಸಾಂಡರ್ ದೆಬೆಂ ಎಂಬ ವಾದ್ಯತಯಾರಕ ಹಾರ್ಮೋನಿಯಂ ಎಂಬ ಹೆಸರಿನಲ್ಲಿ ಇದರ ಹಕ್ಕುಪತ್ರ ಪಡೆದ. ಒಂದು ತುದಿ ಬಿಗಿದು ಇನ್ನೊಂದು ತುದಿ ಗಾಳಿಗೆ ಕಂಪಿಸುವ ಲೋಹದ ರೀಡು ಇದರ ಜೀವ. ಈ ಬಗೆಯ ರೀಡಿನ ತತ್ವ ಯೂರೋಪಿನ ಸ್ವಂತ ಸೊತ್ತೇನಲ್ಲ. ಚೀನಾದ ಶೆಂಗ್‌ನಂತಹ ಪೂರ್ವದೇಶಗಳ ಬಾಯಿವಾದ್ಯಗಳಲ್ಲಿ ಅದು ಬಹು ಹಿಂದಿನಿಂದ ಬಳಕೆಯಲ್ಲಿತ್ತು. ಪೂರ್ವದಿಂದ ಪಶ್ಚಿಮಕ್ಕೆ ಹೋದ ತತ್ವ ಪೆಟ್ಟಿಗೆಯ ರೂಪದಲ್ಲಿ ಮತ್ತೆ ಪೂರ್ವಕ್ಕೆ ಬಂತು. ಪಾದ್ರಿಗಳು ಪ್ರಾರ್ಥನೆಗಾಗಿ ತಂದ ವಾದ್ಯವನ್ನು ಕಾಲಿನಿಂದ ಗಾಳಿ ಒತ್ತಿ, ಕುರ್ಚಿಯ ಮೇಲೆ ಕುಳಿತು ಎರಡೂ ಕೈಗಳಿಂದ ನುಡಿಸಬೇಕಾಗಿತ್ತು. ನೆಲದ ಮೇಲೆ ಕುಳಿತು ಹಾಡುವ ನಮ್ಮವರಿಗೆ ಅದು ಒಗ್ಗುವಂತಿರಲಿಲ್ಲ. ಕೋಲ್ಕತ್ತದ ದ್ವಾರಕಾನಾಥ ಘೋಷರು ತಮ್ಮ ದ್ವಾರ್ಕಿನ್ ಸಂಸ್ಥೆಯಲ್ಲಿ 1880ರ ದಶಕದಲ್ಲಿ ಇದನ್ನು ಮಾರ್ಪಡಿಸಿದರು. ತಿದಿ ಹಿಂಬದಿಗೆ ಬಂತು. ಒಂದು ಕೈ ಗಾಳಿ ಒತ್ತಲು, ಇನ್ನೊಂದು ಕೈ ಸ್ವರ ಹಿಡಿಯಲು. ಯೂರೋಪಿನ ಸಂಗೀತಕ್ಕೆ ಎರಡು ಕೈಗಳೂ ಸ್ವರದ ಮೇಲಿರಬೇಕು, ಏಕೆಂದರೆ ಅಲ್ಲಿ ಹಲವು ಸ್ವರಗಳು ಒಟ್ಟಿಗೆ ನುಡಿಯಬೇಕು. ನಮ್ಮದು ಒಂದು ಸ್ವರದ ಬೆನ್ನಿಗೆ ಇನ್ನೊಂದು ಸ್ವರ ನಡೆಯುವ ಸಂಗೀತ. ಒಂದು ಕೈ ಸಾಕು. ಹೀಗೆ ಈ ಮಾರ್ಪಾಡಿನಲ್ಲಿ ಕೇವಲ ಅನುಕೂಲವಲ್ಲ, ನಮ್ಮ ಸಂಗೀತದ ತಿಳಿವಳಿಕೆಯೂ ಸೇರಿಕೊಂಡಿತ್ತು.

ಮುಂದಿನ ಹರಡುವಿಕೆ ಬೆರಗು ಹುಟ್ಟಿಸುವಂಥದು. ಮಳೆ, ಬಿಸಿಲುಗಳಿಗೆ ತಂತಿವಾದ್ಯಗಳಷ್ಟು ಬೇಗ ಶ್ರುತಿ ಕಳೆದುಕೊಳ್ಳದು. ಧ್ವನಿವರ್ಧಕವಿಲ್ಲದ ಕಾಲದಲ್ಲಿ ನಾಟಕಶಾಲೆಯ ಕೊನೆಯ ಸಾಲಿಗೂ ಕೇಳಿಸುತ್ತಿತ್ತು. ಮರಾಠಿ ಸಂಗೀತ ನಾಟಕಗಳಲ್ಲಿಯೂ ನಮ್ಮ ವೃತ್ತಿ ಕಂಪನಿಗಳಲ್ಲಿಯೂ ಹಾರ್ಮೋನಿಯಂ ಮಾಸ್ತರನ ಸ್ಥಾನ ಸಣ್ಣದಾಗಿರಲಿಲ್ಲ. ಅವನು ಸ್ವರ ಕೊಡದೆ ರಾಜಪಾರ್ಟಿನವನು ಬಾಯಿ ತೆರೆಯುವಂತಿರಲಿಲ್ಲ. ಕೊಲ್ಹಾಪುರದ ಗೋವಿಂದರಾವ್ ಟೆಂಬೆ ಅವರಂತಹ ಹಾರ್ಮೋನಿಯಂ ವಾದಕರು 1911ರ ‘ಮಾನಾಪಮಾನ’ ನಾಟಕಕ್ಕೆ ಸಂಗೀತ ಸಂಯೋಜಿಸುವಷ್ಟು ಎತ್ತರಕ್ಕೆ ಏರಿದರು.

ಆದರೆ ವಿರೋಧಿಗಳ ವಾದ ಪೊಳ್ಳಾಗಿರಲಿಲ್ಲ. ಅದನ್ನು ನ್ಯಾಯವಾಗಿ ಮುಂದಿಡಬೇಕು. ಹಾರ್ಮೋನಿಯಂನ ಕೀಲಿಮಣೆಯಲ್ಲಿ ಒಂದು ಸಪ್ತಕಕ್ಕೆ ಹನ್ನೆರಡೇ ಮನೆಗಳು. ಪಾಶ್ಚಾತ್ಯ ಪದ್ಧತಿಯಲ್ಲಿ ಅವುಗಳ ನಡುವಿನ ಅಂತರವೆಲ್ಲ ಸಮಾನ. ಸಪ್ತಕವನ್ನು 1200 ಸೆಂಟ್‌ಗಳಾಗಿ ಅಳೆದರೆ ಒಂದೊಂದು ಮನೆಗೂ 100 ಸೆಂಟ್. ತಂಬೂರಿಯ ನಾದದಲ್ಲಿ ತಾನಾಗಿ ಹೊಮ್ಮುವ ಶುದ್ಧ ಗಾಂಧಾರ ಷಡ್ಜದಿಂದ ಸುಮಾರು 386 ಸೆಂಟ್ ದೂರದಲ್ಲಿದ್ದರೆ ಸಮಾನ ಅಂತರದ ಪೇಟಿಯ ಗಾಂಧಾರ 400ರಲ್ಲಿ ನಿಲ್ಲುತ್ತದೆ. ಪಂಚಮದಲ್ಲಿ ವ್ಯತ್ಯಾಸ ಎರಡೇ ಸೆಂಟ್, ಕಿವಿಗೆ ತಿಳಿಯದು. ಗಾಂಧಾರದ 14 ಸೆಂಟ್ ಮಾತ್ರ ತಂಬೂರಿಯ ಪಕ್ಕದಲ್ಲಿ ಕುಳಿತ ಯಾವ ಗಾಯಕನಿಗೂ ಚುಚ್ಚದೆ ಬಿಡದು. ಎರಡನೆಯ ಆಕ್ಷೇಪ ಇನ್ನೂ ಗಂಭೀರವಾದುದು. ನಮ್ಮ ಸಂಗೀತದ ಪ್ರಾಣವಿರುವುದು ಸ್ವರದಲ್ಲಿ ಎಷ್ಟೋ, ಸ್ವರದಿಂದ ಸ್ವರಕ್ಕೆ ಜಾರುವ ದಾರಿಯಲ್ಲಿಯೂ ಅಷ್ಟೇ. ದರಬಾರಿ ಕಾನಡಾದ ಕೋಮಲ ಗಾಂಧಾರ ಒಂದು ಬಿಂದುವಲ್ಲ, ಒಂದು ತೂಗಾಟ. ಆ ಆಂದೋಲನವನ್ನು ಹಿಡಿಯಬಲ್ಲ ಮನೆ ಯಾವ ಪೇಟಿಯಲ್ಲಿಯೂ ಇಲ್ಲ.

ಈ ಕೊರತೆಯನ್ನು ನೀಗಿಸುವ ಪ್ರಯತ್ನಗಳೂ ನಡೆದವು. ಸಾಂಗ್ಲಿಯ ಕೃಷ್ಣಾಜಿ ಬಲ್ಲಾಳ ದೇವಲರು ಇಪ್ಪತ್ತೆರಡು ಶ್ರುತಿಗಳ ಲೆಕ್ಕಾಚಾರದಲ್ಲಿ ಮುಳುಗಿದ್ದರು. ಬ್ರಿಟಿಷ್ ಅಧಿಕಾರಿ ಅರ್ನೆಸ್ಟ್ ಕ್ಲೆಮೆಂಟ್ಸ್ ಅವರ ಜೊತೆಗೂಡಿದರು. ಕಿರಾನಾ ಘರಾಣೆಯ ಅಬ್ದುಲ್ ಕರೀಂ ಖಾನ್ ತಮ್ಮ ಕಂಠದಿಂದ ಈ ಪ್ರಯೋಗಗಳಿಗೆ ನೆರವಾದರು. ಇಪ್ಪತ್ತೆರಡು ಶ್ರುತಿಗಳನ್ನು ನುಡಿಸಬಲ್ಲ ಹಾರ್ಮೋನಿಯಂ ಸಿದ್ಧವಾಯಿತು. 1916ರಲ್ಲಿ ಬರೋಡಾದಲ್ಲಿ ಭಾತಖಂಡೆಯವರ ಮುಂದಾಳ್ತನದಲ್ಲಿ ನಡೆದ ಅಖಿಲ ಭಾರತ ಸಂಗೀತ ಸಮ್ಮೇಳನದಲ್ಲಿ ಶ್ರುತಿಗಳ ಕುರಿತು ಬಿಸಿಯೇರಿದ ಚರ್ಚೆ ನಡೆಯಿತೇ ಹೊರತು ಆ ವಾದ್ಯಕ್ಕೆ ಮನ್ನಣೆ ಸಿಗಲಿಲ್ಲ. ಮನೆಗಳನ್ನು ಹೆಚ್ಚಿಸಿದರೆ ಬಿಂದುಗಳು ಹೆಚ್ಚಾದಾವು. ಬಿಂದುಗಳ ನಡುವಿನ ಹರಿವು ಮಾತ್ರ ಬಾರದು.

ಇಷ್ಟರವರೆಗೆ ವಾದ ಕಿವಿಗೆ ಸಂಬಂಧಿಸಿದ್ದು. ಇದರ ಜೊತೆಗೆ ಇನ್ನೊಂದು ವಾದ ಹೆಣೆದುಕೊಂಡಿತು: ಇದು ಪರದೇಶದ ವಸ್ತು, ಆದ್ದರಿಂದ ನಮ್ಮ ಸಂಸ್ಕೃತಿಗೆ ಕಳಂಕ ಎಂಬುದು. ಆನಂದ ಕುಮಾರಸ್ವಾಮಿಯವರು ಸ್ವದೇಶಿ ಚಳವಳಿಯ ದಿನಗಳಲ್ಲಿಯೇ ಹಾರ್ಮೋನಿಯಂ ವಿರುದ್ಧ ದನಿಯೆತ್ತಿದ್ದರು. ವಿಚಿತ್ರವೆಂದರೆ ರೇಡಿಯೋದ ಒಳಗಿನಿಂದ ಈ ಕೂಗಿಗೆ ಬಲ ತುಂಬಿದವರು ಇಂಗ್ಲಿಷರು. ದೆಹಲಿ ನಿಲಯದಲ್ಲಿ ಪಾಶ್ಚಾತ್ಯ ಸಂಗೀತದ ಹೊಣೆ ಹೊತ್ತಿದ್ದ ಸಂಯೋಜಕ ಜಾನ್ ಫೌಲ್ಡ್ಸ್, ರೇಡಿಯೋದ ಪತ್ರಿಕೆಯಾದ ‘ದಿ ಇಂಡಿಯನ್ ಲಿಸನರ್’ನಲ್ಲಿ 1938ರಲ್ಲಿ ಒಂದು ಲೇಖನ ಬರೆದು, ವಾದ್ಯದ ಹೆಸರನ್ನೇ ತುಂಡರಿಸಿ ‘ಹಾರ್ಮ್–ಓನಿಯಂ’ ಎಂದು ಶೀರ್ಷಿಕೆ ಇಟ್ಟರು. ಹಾರ್ಮ್ ಎಂದರೆ ಹಾನಿ. ಶ್ಲೇಷೆ ಕಿವಿಗೆ ತಟ್ಟುವಂಥದೇ. 1935ರಲ್ಲಿ ಲಂಡನ್ನಿನಿಂದ ಬಂದ ಕಂಟ್ರೋಲರ್ ಲಯೊನೆಲ್ ಫೀಲ್ಡನ್ ಅವರ ಆಡಳಿತದಲ್ಲಿ ಈ ಅಭಿಪ್ರಾಯ ನೀತಿಯಾಗಿ ಮಾರ್ಪಟ್ಟಿತು. 1940ರ ಜನವರಿಯಲ್ಲಿ ರವೀಂದ್ರನಾಥ ಠಾಕೂರರು ಕೋಲ್ಕತ್ತ ನಿಲಯದ ನಿರ್ದೇಶಕರಿಗೆ ಪತ್ರ ಬರೆದು, ತಮ್ಮ ಆಶ್ರಮದಿಂದ ಹಾರ್ಮೋನಿಯಂ ಅನ್ನು ಸಂಪೂರ್ಣವಾಗಿ ದೂರವಿಟ್ಟಿರುವುದಾಗಿಯೂ ರೇಡಿಯೋ ಹಾಗೆಯೇ ಮಾಡಿದರೆ ದೊಡ್ಡ ಉಪಕಾರವಾಗುವುದೆಂದೂ ತಿಳಿಸಿದರು. ಎರಡು ತಿಂಗಳೂ ಕಳೆಯುವ ಮೊದಲೇ ಬಹಿಷ್ಕಾರ ಜಾರಿಗೆ ಬಂತು. ಕೋಲ್ಕತ್ತದ ಕುಶಲಕರ್ಮಿಗಳು ರೂಪ ಕೊಟ್ಟ ವಾದ್ಯವನ್ನು ಪರದೇಶಿಯೆಂದು ತಳ್ಳುವುದರಲ್ಲಿ ಇಂಗ್ಲಿಷ್ ಅಧಿಕಾರಿಗಳೂ ಕೋಲ್ಕತ್ತದ ಮಹಾಕವಿಯೂ ಒಂದಾದರು.

ಈ ನಿಷೇಧದಿಂದ ಏನಾಯಿತು? ಒಳ್ಳೆಯದೂ ಆಯಿತೆಂದು ಒಪ್ಪಬೇಕು. ಸಾರಂಗಿ ಮನುಷ್ಯಕಂಠಕ್ಕೆ ಅತ್ಯಂತ ಹತ್ತಿರದ ವಾದ್ಯ. ಉಗುರಿನ ಬುಡದಿಂದ ತಂತಿಯನ್ನು ಒತ್ತಿ ಜಾರಿಸುವ ಆ ಕಷ್ಟದ ವಿದ್ಯೆಯಲ್ಲಿ ಮೀಂಡ್ ಸಹಜವಾಗಿ ಒದಗುತ್ತದೆ. ಆದರೆ ತವಾಯಫರ ಕೋಠಿಗಳ ಸಂಬಂಧದಿಂದಾಗಿ ‘ಮರ್ಯಾದಸ್ಥ’ ಸಮಾಜ ಅದರಿಂದ ಮುಖ ತಿರುಗಿಸಿತ್ತು. ರೇಡಿಯೋ ಸಾರಂಗಿ ವಾದಕರಿಗೆ ಸಂಬಳದ ಕೆಲಸ ಕೊಟ್ಟು ಆ ವಾದ್ಯವನ್ನು ಉಳಿಸಿತು. ಇಲ್ಲೊಂದು ಪಾಠವೂ ಅಡಗಿದೆ. ಸಾಧನದ ಗುಣವಷ್ಟೇ ಬೆಲೆಯನ್ನು ನಿರ್ಧರಿಸುವುದಾಗಿದ್ದರೆ ಸಾರಂಗಿ ಎಂದೂ ಹಿಂದೆ ಸರಿಯಬಾರದಾಗಿತ್ತು, ಪೇಟಿ ಎಂದೂ ಮುಂದೆ ಬರಬಾರದಾಗಿತ್ತು. ನಡೆದದ್ದು ತದ್ವಿರುದ್ಧ. ವಾದ್ಯದ ಬೆಲೆಯ ಹಿಂದೆ ಅದನ್ನು ನುಡಿಸುವವರ ಜಾತಿ, ಕಸುಬು, ಅದು ಕೇಳಿಸುವ ಮನೆಯ ಮಾನ ಇವೆಲ್ಲ ತೂಗುತ್ತಿದ್ದವು. ಕೀಳೆನಿಸಿಕೊಂಡ ನಾದಕ್ಕೂ ಕೀಳೆನಿಸಿಕೊಂಡ ಜನಕ್ಕೂ ನಡುವಿನ ಗೆರೆ ಯಾವಾಗಲೂ ಸ್ಪಷ್ಟವಾಗಿರುವುದಿಲ್ಲ.

ಕೆಟ್ಟದ್ದಂತೂ ಆಯಿತು. ರಾಜಾಶ್ರಯ ಕುಗ್ಗಿ, ರೇಡಿಯೋ ಸಂಗೀತಗಾರರ ಮುಖ್ಯ ಆಶ್ರಯವಾಗುತ್ತಿದ್ದ ಹೊತ್ತಿನಲ್ಲಿಯೇ ಹಾರ್ಮೋನಿಯಂ ವಾದಕರಿಗೆ ಆ ಬಾಗಿಲು ಮುಚ್ಚಿತು. ಸ್ವಾತಂತ್ರ್ಯ ಬಂದರೂ ನಿಷೇಧ ಹೋಗಲಿಲ್ಲ. 1952ರಿಂದ ಹತ್ತು ವರ್ಷ ವಾರ್ತಾ ಮತ್ತು ಪ್ರಸಾರ ಖಾತೆಯನ್ನು ನಿರ್ವಹಿಸಿದ ಬಿ. ವಿ. ಕೇಸ್ಕರ್ ಸ್ವತಃ ಸಂಗೀತ ಬಲ್ಲವರು, ಶುದ್ಧತೆಯ ಪಕ್ಷಪಾತಿ. ಚಿತ್ರಗೀತೆಗಳನ್ನೇ ದೂರವಿಟ್ಟವರು ಪೇಟಿಯನ್ನು ಒಳಗೆ ಕರೆಯುವುದೆಲ್ಲಿ? ಕಡತಗಳ ನಡುವೆಯೇ ಹಗಲು ಕಳೆಯುವ ನನ್ನಂಥವನಿಗೆ ಇದರಲ್ಲಿ ಆಶ್ಚರ್ಯವೇನೂ ಇಲ್ಲ. ಆದೇಶ ಹೊರಡಿಸಲು ಒಂದು ಅಭಿಪ್ರಾಯ ಸಾಕು, ಹಿಂತೆಗೆಯಲು ಒಂದು ತಲೆಮಾರು ಬೇಕು.

ಆ ಅವಧಿಯಲ್ಲಿ ನಿಲಯದ ಹೊರಗೆ ನಡೆಯುತ್ತಿದ್ದದ್ದು ಬೇರೆಯೇ. ಗದಗಿನ ಕಡೆಯ ಭೀಮಸೇನ ಜೋಶಿಯವರು ಪುಣೆಯಲ್ಲಿ ನೆಲೆಸಿ, ತಮ್ಮ ಗುರು ಸವಾಯಿ ಗಂಧರ್ವರ ಹೆಸರಿನ ಉತ್ಸವವನ್ನು 1953ರಿಂದ ಕಟ್ಟಿ ಬೆಳೆಸಿದರು. ಅವರ ಕಛೇರಿಗಳಲ್ಲಿ ಪುರುಷೋತ್ತಮ ವಾಲಾವಲಕರ್, ಅಪ್ಪಾ ಜಲಗಾಂವ್ಕರ್ ಅವರಂಥವರ ಹಾರ್ಮೋನಿಯಂ ಸಾಥ್ ಇರುತ್ತಿತ್ತು. ವೇದಿಕೆಯ ಮೇಲೆ ಯಾರೂ ಕೊರತೆಯೆಂದು ಭಾವಿಸದ ವಾದ್ಯ ನಿಲಯದ ಹೊಸ್ತಿಲಲ್ಲಿ ಮೈಲಿಗೆಯಾಗುತ್ತಿತ್ತು. ರಾಗ ಅದೇ, ಕಂಠ ಅದೇ. ಪಕ್ಕದಲ್ಲಿ ಪೇಟಿ ಇದ್ದಾಗ ಆ ಗಾಯನದ ಬೆಲೆ ಇಳಿದು, ಸಾರಂಗಿ ಇದ್ದಾಗ ಏರುತ್ತಿತ್ತೆಂದು ಆ ಸಭೆಗಳಲ್ಲಿ ರಾತ್ರಿಯೆಲ್ಲ ಕುಳಿತವರಿಗೆ ಹೇಳಿ ನಂಬಿಸುವುದು ಸುಲಭವಲ್ಲ.

ಪೇಟಿಯ ಮಿತಿಯನ್ನು ಅತ್ಯಂತ ಚೆನ್ನಾಗಿ ಬಲ್ಲವರು ಅದರ ವಿರೋಧಿಗಳಲ್ಲ, ಅದರ ವಾದಕರು. ಬೆಳಗಾವಿಯ ಆರ್. ಕೆ. ಬಿಜಾಪುರೆಯವರು (1917–2010) ದೀರ್ಘಕಾಲ ದೊಡ್ಡ ದೊಡ್ಡ ಗಾಯಕರಿಗೆ ಸಾಥ್ ನೀಡಿ, ಶಿಷ್ಯರ ಪರಂಪರೆಯನ್ನೇ ಬೆಳೆಸಿದರು. ಬಲ್ಲ ವಾದಕ ಗಾಯಕನ ಮೀಂಡಿನ ಹೊತ್ತಿನಲ್ಲಿ ಬೆರಳು ಹಗುರ ಮಾಡುತ್ತಾನೆ, ತಿದಿಯ ಒತ್ತಡ ತಗ್ಗಿಸುತ್ತಾನೆ, ಒಂದು ಸ್ವರ ಆರುವ ಮೊದಲೇ ಮುಂದಿನದನ್ನು ಮೆಲ್ಲಗೆ ತಾಕಿಸಿ ಜಾರಿದ ಭ್ರಮೆ ಹುಟ್ಟಿಸುತ್ತಾನೆ. ದರಬಾರಿಯ ಗಾಂಧಾರ ಬಂದಾಗ ಸುಮ್ಮನಾಗುತ್ತಾನೆ. ಆ ಮೌನವೂ ಸಾಥಿಯ ಭಾಗವೇ. ರೀಡನ್ನು ಅರದಿಂದ ಸವರಿ, ಗಾಯಕನ ಷಡ್ಜಕ್ಕೆ ಹೊಂದುವಂತೆ ಗಾಂಧಾರವನ್ನು ಇಳಿಸಿಕೊಳ್ಳುವ ಕುಶಲಿಗಳೂ ಇದ್ದಾರೆ. ಹಾಗೆ ಮಾಡಿದರೆ ಬೇರೆ ಷಡ್ಜಕ್ಕೆ ಅದು ಒಗ್ಗದು, ಅಷ್ಟೆ. ಮುಂಬೈಯ ಮನೋಹರ ಚಿಮೋಟೆಯವರು ಏಕವ್ಯಕ್ತಿ ವಾದನಕ್ಕಾಗಿ ಮಾರ್ಪಡಿಸಿದ ಪೇಟಿಯನ್ನು ‘ಸಂವಾದಿನಿ’ ಎಂದು ಕರೆದರು.

ದಕ್ಷಿಣದ ಒಂದು ಉದಾಹರಣೆಯನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಪಿಟೀಲು ಕೂಡ ಯೂರೋಪಿನಿಂದಲೇ ಬಂದದ್ದು. ಮುತ್ತುಸ್ವಾಮಿ ದೀಕ್ಷಿತರ ತಮ್ಮ ಬಾಲುಸ್ವಾಮಿ ದೀಕ್ಷಿತರು ಅದನ್ನು ಕರ್ನಾಟಕ ಸಂಗೀತಕ್ಕೆ ಒಗ್ಗಿಸಿದರು. ಅದರಲ್ಲಿ ಮೆಟ್ಟಿಲುಗಳಿಲ್ಲ, ಗಮಕಕ್ಕೆ ತಡೆಯಿಲ್ಲ. ಆದ್ದರಿಂದ ಅದು ಪರದೇಶಿಯೆಂದು ಇಂದು ಯಾರಿಗೂ ನೆನಪಾಗುವುದಿಲ್ಲ. ಹೀಗಾಗಿ ‘ಪರದೇಶಿ’ ಎಂಬ ಆಕ್ಷೇಪ ತಾನಾಗಿ ನಿಲ್ಲುವಂಥದಲ್ಲವೆಂಬುದು ಸ್ಪಷ್ಟ. ಆಮೇಲೆ ಮೈಸೂರಿನ ಟಿ. ಚೌಡಯ್ಯನವರು ಧ್ವನಿವರ್ಧಕವಿಲ್ಲದ ಸಭೆಗಳಲ್ಲಿ ನಾದ ದೂರಕ್ಕೆ ಮುಟ್ಟಲೆಂದು ನಾಲ್ಕು ತಂತಿಯ ಪಿಟೀಲಿಗೆ ಇನ್ನೂ ಮೂರು ತಂತಿ ಏರಿಸಿದರು. ಧ್ವನಿವರ್ಧಕ ಬಂದ ಮೇಲೆ ಏಳು ತಂತಿಯ ಅಗತ್ಯ ತೀರಿತು; ಆ ವಾದ್ಯ ಹೆಚ್ಚಾಗಿ ಬಳಕೆಗೆ ಬರಲಿಲ್ಲ. ಚೌಡಯ್ಯನವರ ಸಂಗೀತದ ಬೆಲೆ ಅದರಿಂದ ಏರಲೂ ಇಲ್ಲ, ಇಳಿಯಲೂ ಇಲ್ಲ. ಸಾಧನ ಒಂದು ಕಾಲದ ಪ್ರಶ್ನೆಗೆ ಕೊಟ್ಟ ಉತ್ತರ. ಪ್ರಶ್ನೆ ಬದಲಾದರೆ ಉತ್ತರ ಹಳತಾಗುತ್ತದೆ.

ಹಾಗಾದರೆ ಸಾಧನಕ್ಕೂ ಕಲೆಯ ಬೆಲೆಗೂ ಸಂಬಂಧವೇ ಇಲ್ಲವೇ? ಇದೆ. ಸಾಧನ ಏನನ್ನು ಹೇಳಬಲ್ಲದು, ಏನನ್ನು ಹೇಳಲಾರದು ಎಂಬ ಎಲ್ಲೆಯನ್ನು ಹಾಕುತ್ತದೆ. ಪೇಟಿಯನ್ನೇ ಗುರುವೆಂದು ನಂಬಿ, ಅದರ ಗಾಂಧಾರವನ್ನೇ ಗಾಂಧಾರವೆಂದು ಕಲಿತ ಮಗುವಿನ ಕಿವಿ ಕೆಡಬಹುದು. ಠಾಕೂರರ ಆತಂಕದಲ್ಲಿ ಈ ಸತ್ಯವಿತ್ತು. ಆದರೆ ಎಲ್ಲೆಯನ್ನು ಅರಿತು ಅದರೊಳಗೆ ದುಡಿದವನ ಕೆಲಸವನ್ನು ತೂಗಬೇಕಾದದ್ದು ಕಿವಿಯೇ ಹೊರತು ಆದೇಶವಲ್ಲ. ರೇಡಿಯೋದ ತಪ್ಪು ಹಾರ್ಮೋನಿಯಂ ಅನ್ನು ಟೀಕಿಸಿದ್ದರಲ್ಲಿಲ್ಲ. ಒಬ್ಬೊಬ್ಬ ವಾದಕನನ್ನೂ ಕೇಳಿ ನಿರ್ಧರಿಸಬೇಕಾದಲ್ಲಿ ಇಡೀ ವರ್ಗವನ್ನು ಕೇಳದೆಯೇ ಹೊರಗಿಟ್ಟದ್ದರಲ್ಲಿದೆ.

1970ರಲ್ಲಿ ಹಾರ್ಮೋನಿಯಂ ಕುರಿತೇ ಒಂದು ವಿಚಾರಸಂಕಿರಣವನ್ನು ಆಕಾಶವಾಣಿ ನಡೆಸಿತು. ಮರುವರ್ಷ ಮೇಲ್ದರ್ಜೆಯ ಕಲಾವಿದರ ಗಾಯನಕ್ಕೆ ಸಾಥಿಯಾಗಿ ಪೇಟಿಗೆ ಪ್ರವೇಶ ಸಿಕ್ಕಿತು. ಏಕವ್ಯಕ್ತಿ ವಾದನಕ್ಕೆ ಬಾಗಿಲು ತೆರೆಯಲು ಇನ್ನೂ ಹಲವು ದಶಕಗಳು ಹಿಡಿದವು. 1940ರಲ್ಲಿ ಯೌವನದಲ್ಲಿದ್ದ ವಾದಕ 1971ರಲ್ಲಿ ಮುಪ್ಪಿನ ಅಂಚಿಗೆ ಬಂದಿದ್ದ. ಆ ಮೂವತ್ತೊಂದು ವರ್ಷಗಳಲ್ಲಿ ರೇಡಿಯೋದ ಧ್ವನಿಭಂಡಾರಕ್ಕೆ ಸೇರಬಹುದಾಗಿದ್ದ ಎಷ್ಟೋ ಕೈಗಳ ನಾದ ಸೇರದೆಯೇ ಹೋಯಿತು. ಆ ಕೈಗಳು ಚೆನ್ನಾಗಿ ನುಡಿಸುತ್ತಿದ್ದವೇ, ಇಲ್ಲವೇ ಎಂದು ಇಂದು ಕೇಳಿ ತೀರ್ಮಾನಿಸುವ ದಾರಿ ನಮಗಿಲ್ಲ. ನಿಷೇಧ ಕಿತ್ತುಕೊಂಡದ್ದು ಆ ಅವಕಾಶವನ್ನೇ.