ಮನೆಗೆ ಬಂದ ಚದುರಂಗದ ಎದುರಾಳಿ

ಚದುರಂಗವಾಡಲು ಬೇಕಾದವು ಮೂರು: ಒಂದು ಹಾಸು, 32 ಕಾಯಿಗಳು, ಎದುರು ಕೂರಲು ಒಬ್ಬ ಆಟಗಾರ. ಮೊದಲೆರಡನ್ನು ಅಂಗಡಿಯಿಂದ ತರಬಹುದು, ಮೂರನೆಯದಕ್ಕೇ ಪರದಾಟ. ಭದ್ರೆಯ ದಂಡೆಯ ಹೊಳೆಹೊನ್ನೂರಿನಂಥ ಊರಿನಲ್ಲಿ ಆಟ ಬಲ್ಲ ಹಿರಿಯರು ಇಲ್ಲವೆಂದಲ್ಲ. ಆದರೆ ಅವರಿಗೆ ಬಿಡುವಾದಾಗ ಮಗುವಿಗೆ ಶಾಲೆ. ಮಗುವಿಗೆ ಬಿಡುವಾದಾಗ ಅವರಿಗೆ ತೋಟದ ಕೆಲಸ. ದಿನವೂ ಶಿವಮೊಗ್ಗಕ್ಕೋ ಭದ್ರಾವತಿಗೋ ಹೋಗಿ ಆಡಿಬರುವುದಂತೂ ಆಗದ ಮಾತು. ಮನೆಯ ಕಂಪ್ಯೂಟರನ್ನೇ ಎದುರಾಳಿಯಾಗಿ ಕೂರಿಸೋಣವೆಂದು ತಂದೆತಾಯಿಗಳಿಗೆ ತೋರಿದರೆ ಆಶ್ಚರ್ಯವಿಲ್ಲ. ಯಾವ ತಂತ್ರಾಂಶವನ್ನು ಆರಿಸಬೇಕು? ಈ ಎದುರಾಳಿ ಬೆಳೆದು ಬಂದ ಚರಿತ್ರೆಯನ್ನು ನೋಡಿದರೆ ಉತ್ತರ ತಾನಾಗಿ ಸಿಗುತ್ತದೆ.

ಕನ್ನಡ ನಾಡಿಗೆ ಚದುರಂಗ ಹೊಸದಲ್ಲ. 12ನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ತನ್ನ ‘ಮಾನಸೋಲ್ಲಾಸ’ದಲ್ಲಿ ಅರಸರ ವಿನೋದಗಳನ್ನು ವಿವರಿಸುವಾಗ ಚದುರಂಗವನ್ನು ಮರೆಯಲಿಲ್ಲ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಇನ್ನೊಂದು ದಾರಿ ಹಿಡಿದರು. ಒಂದೇ ಕುದುರೆ 64 ಮನೆಗಳನ್ನೂ ಒಂದೊಂದೇ ಸಲ ಮೆಟ್ಟಿ ಸಾಗುವ ಸಮಸ್ಯೆಗಳನ್ನು ಅವರು ರಚಿಸಿ, ರೇಷ್ಮೆ ಬಟ್ಟೆಯ ಮೇಲೆ ಅಚ್ಚು ಹಾಕಿಸಿದರು. ಇದು ಎದುರಾಳಿಯೇ ಬೇಡದ ಚದುರಂಗ. ಆದರೆ ಗೆಲ್ಲಬೇಕು, ಸೋಲಬೇಕು ಎನ್ನುವವರಿಗೆ ಇಷ್ಟು ಸಾಲದು.

ಯಂತ್ರವನ್ನೇ ಎದುರಾಳಿಯಾಗಿಸುವ ಆಸೆ ಯೂರೋಪಿನಲ್ಲಿ ಒಂದು ವಂಚನೆಯಿಂದ ಆರಂಭವಾಯಿತು. 1770ರಲ್ಲಿ ಕೆಂಪೆಲೆನ್ ಎಂಬಾತನು ವಿಯೆನ್ನಾದ ಆಸ್ಥಾನದಲ್ಲಿ ಚದುರಂಗವಾಡುವ ಬೊಂಬೆಯೊಂದನ್ನು ಪ್ರದರ್ಶಿಸಿದ. ಪೆಟ್ಟಿಗೆಯೊಳಗೆ ಅಡಗಿ ಕುಳಿತಿದ್ದವನು ಮನುಷ್ಯನೇ! ನಿಜವಾಗಿ ತಾನೇ ಆಡಿದ ಯಂತ್ರವನ್ನು ಸ್ಪೇಯ್ನಿನ ಟೊರೆಸ್ ಕೆವೆಡೊ 1912ರಲ್ಲಿ ಕಟ್ಟಿದ. ಅದಕ್ಕೆ ತಿಳಿದದ್ದು ಒಂದೇ ಆಟ: ರಾಜ ಮತ್ತು ಆನೆಯಿಂದ ಒಂಟಿ ರಾಜನನ್ನು ಕಟ್ಟಿಹಾಕುವುದು. 1950ರಲ್ಲಿ ಅಮೆರಿಕೆಯ ಕ್ಲಾಡ್ ಶಾನನ್, ಗಣಕಯಂತ್ರ ಪೂರ್ತಿ ಆಟವನ್ನು ಆಡಬಲ್ಲ ಕ್ರಮವನ್ನು ಲೇಖನವಾಗಿ ಪ್ರಕಟಿಸಿದ. 1952ರಲ್ಲಿ ಇಂಗ್ಲೆಂಡಿನ ಅಲನ್ ಟ್ಯೂರಿಂಗ್, ತಾನು ಬರೆದ ಕ್ರಮವನ್ನು ನಡೆಸಬಲ್ಲ ಯಂತ್ರ ಸಿಗದೆ, ಕಾಗದದ ಮೇಲೆ ತಾನೇ ಲೆಕ್ಕ ಹಾಕುತ್ತ ಒಂದು ಆಟವಾಡಿದ, ಸೋತ.

ಮನೆಯ ಬಾಗಿಲಿಗೆ ಈ ವಿದ್ಯೆ ಬಂದದ್ದು 1976ರಲ್ಲಿ. ಕೆನಡಾದ ಪೀಟರ್ ಜೆನ್ನಿಂಗ್ಸ್ ಬರೆದ ‘ಮೈಕ್ರೋಚೆಸ್’ ಸುಮಾರು ಒಂದು ಕಿಲೋಬೈಟ್ ಸ್ಮೃತಿಯಲ್ಲೇ ಅಡಗುತ್ತಿತ್ತು. ಅದು ಓಡುತ್ತಿದ್ದ ಪುಟ್ಟ ಯಂತ್ರಕ್ಕೆ ಹಾಸನ್ನು ತೋರಿಸುವ ಪರದೆಯೇ ಇಲ್ಲ; ಆರು ಅಂಕೆಗಳ ದೀಪಗಳಲ್ಲಿ ನಡೆ ಮೂಡುತ್ತಿತ್ತು, ಆಟಗಾರನು ಪಕ್ಕದಲ್ಲಿ ಮರದ ಹಾಸನ್ನು ಇಟ್ಟುಕೊಂಡು ಕಾಯಿ ನಡೆಸಬೇಕಾಗಿತ್ತು. 1978ರಲ್ಲಿ ಸ್ಪ್ರ್ಯಾಕ್ಲೆನ್ ದಂಪತಿಗಳ ‘ಸಾರ್ಗನ್’ ಬಂತು. ಅಂದಿನ ಕೊಳ್ಳುಗನ ಪ್ರಶ್ನೆ ಒಂದೇ: ಯಾವುದು ಹೆಚ್ಚು ಬಲವಾಗಿ ಆಡುತ್ತದೆ? ಎಲ್ಲವೂ ದುರ್ಬಲವಾಗಿದ್ದಾಗ ಅದು ಸರಿಯಾದ ಪ್ರಶ್ನೆಯೇ.

1997ರ ಮೇ ತಿಂಗಳಲ್ಲಿ ಆ ಪ್ರಶ್ನೆಯ ಕಾಲ ಮುಗಿಯಿತು. ಕ್ಷಣಕ್ಕೆ ಸುಮಾರು 20 ಕೋಟಿ ಸ್ಥಿತಿಗಳನ್ನು ಪರಿಶೀಲಿಸುವ ‘ಡೀಪ್ ಬ್ಲೂ’ ಯಂತ್ರ ಆರು ಆಟಗಳ ಪಂದ್ಯದಲ್ಲಿ ವಿಶ್ವವಿಜೇತ ಕಾಸ್ಪರೋವ್‌ನನ್ನು ಸೋಲಿಸಿತು. 2000ದಲ್ಲಿ ಇನ್ನೊಂದು ಸದ್ದಿಲ್ಲದ ಬದಲಾವಣೆ: ಯೋಚಿಸುವ ಎಂಜಿನ್ ಬೇರೆ, ಹಾಸು ತೋರಿಸುವ ತಂತ್ರಾಂಶ ಬೇರೆ ಇದ್ದು, ಒಂದರೊಡನೊಂದು ಮಾತಾಡುವ ಯುಸಿಐ ಎಂಬ ಸಾಮಾನ್ಯ ಭಾಷೆ ರೂಢಿಗೆ ಬಂತು. ಹಾಸು ಒಬ್ಬರದು, ಬುದ್ಧಿ ಇನ್ನೊಬ್ಬರದು ಎಂದು ಬೇಕಾದಂತೆ ಜೋಡಿಸಿಕೊಳ್ಳಬಹುದು. 2008ರಲ್ಲಿ ಬಂದ ‘ಸ್ಟಾಕ್‌ಫಿಶ್’ ಎಂಜಿನ್ ಉಚಿತ. ವಿಶ್ವವಿಜೇತರಿಗೂ ನಿಲುಕದ ಅದರ ಬಲ ಇಂದು ಸಾಧಾರಣ ಕಂಪ್ಯೂಟರಿನಲ್ಲೇ ದೊರೆಯುತ್ತದೆ. ‘ಅರೇನಾ’ದಂಥ ಉಚಿತ ಹಾಸಿನೊಡನೆ ಅದನ್ನು ಜೋಡಿಸಿದರಾಯಿತು. ಬಲಕ್ಕಾಗಿ ಹಣ ಸುರಿಯಬೇಕಾದ ಕಾಲ ಇದಲ್ಲ.

ಹಾಗಾದರೆ ಆರಿಸಲು ಉಳಿದದ್ದೇನು? ಸೋಲುವ ರೀತಿ! ಹತ್ತು ದಿನ ಹತ್ತೂ ಆಟ ಸೋತ ಮಗು ಹನ್ನೊಂದನೆಯ ದಿನ ಹಾಸನ್ನು ಮಡಿಸಿಡುತ್ತದೆ. ಅಲ್ಲಿಗೆ ಒಂದು ವಿದ್ಯೆ ಆ ಮನೆಯಿಂದ ಹೊರಟಂತೆಯೇ. ಸ್ಟಾಕ್‌ಫಿಶ್‌ನ ಬಲವನ್ನು 0ಯಿಂದ 20ರವರೆಗಿನ ಮೆಟ್ಟಿಲುಗಳಲ್ಲಿ ಇಳಿಸಬಹುದು. ಆದರೆ ಹಾಗೆ ಇಳಿಸಿದ ಎಂಜಿನ್ ಪಂಡಿತನಂತೆ ಆಡುತ್ತಾಡುತ್ತ ಥಟ್ಟನೆ ಅರ್ಥವಿಲ್ಲದ ನಡೆ ಇಡುವುದುಂಟು. ಅದರಿಂದ ಕಲಿಯುವುದು ಕಡಿಮೆ. ಈ ಕೊರತೆಯನ್ನು ಕಂಡ ಸಂಶೋಧಕರು 2020ರಲ್ಲಿ ‘ಮಾಯಾ’ ಎಂಬುದನ್ನು ತಂದರು. ಸಾಮಾನ್ಯ ಆಟಗಾರರ ಲಕ್ಷಾಂತರ ಆಟಗಳಿಂದ ಕಲಿತ ಇದು, ಮನುಷ್ಯರು ತಪ್ಪುವಲ್ಲಿಯೇ ತಪ್ಪುತ್ತದೆ. ಇದೂ ಉಚಿತ.

ಆದ್ದರಿಂದ ಆರಿಸುವವರು ಮೂರನ್ನು ನೋಡಬೇಕು. ಮಗು ಮೂರರಲ್ಲಿ ಒಂದಾದರೂ ಗೆಲ್ಲುವಷ್ಟು ಬಲವನ್ನು ತಗ್ಗಿಸಲಾದೀತೆ? ನಡೆಯನ್ನು ಹಿಂದಕ್ಕೆ ಪಡೆಯಬಹುದೆ? ಆಟ ಮುಗಿದ ಮೇಲೆ ಎಲ್ಲಿ ಎಡವಿದೆವೆಂದು ತೋರಿಸುತ್ತದೆಯೆ? ಮೂರನೆಯದೇ ಎಲ್ಲಕ್ಕಿಂತ ಮುಖ್ಯ. ಸ್ಟಾಕ್‌ಫಿಶ್‌ನ ಅಪಾರ ಬಲ ಉಪಯೋಗಕ್ಕೆ ಬರುವುದು ಇಲ್ಲಿಯೇ. ಆಟದ ನಡುವೆ ಅದನ್ನು ಕೇಳಿ ಕಾಯಿ ನಡೆಸಿದರೆ, ಕೆಂಪೆಲೆನ್ನನ ಪೆಟ್ಟಿಗೆಯನ್ನು ತಲೆಕೆಳಗು ಮಾಡಿದಂತೆ: ಹೊರಗೆ ಮನುಷ್ಯ, ಒಳಗೆ ಯಂತ್ರ.

ಇನ್ನೊಂದು ಮಾತು. ನಮ್ಮ ಹಳೆಯ ಕಟ್ಟಿನ ಆಟದಲ್ಲಿ ಹಲವೆಡೆ ಕಾಲಾಳು ಮೊದಲ ನಡೆಯಲ್ಲೂ ಒಂದೇ ಮನೆ ಇಡುತ್ತಿತ್ತು. ರಾಜನು ಒಮ್ಮೆ ಕುದುರೆಯ ನಡೆ ನಡೆಯಬಹುದಾಗಿತ್ತು. ತಂತ್ರಾಂಶಗಳು ಸಾಮಾನ್ಯವಾಗಿ ಅಂತರರಾಷ್ಟ್ರೀಯ ನಿಯಮಗಳಂತೆ ಆಡುವುದರಿಂದ ಇದನ್ನು ಒಪ್ಪುವುದಿಲ್ಲ. ಆ ಕಟ್ಟನ್ನು ಬಲ್ಲ ಅಜ್ಜನೊಬ್ಬ ಮನೆಯಲ್ಲಿದ್ದರೆ, ವಾರಕ್ಕೊಂದು ಸಂಜೆ ಕಂಪ್ಯೂಟರನ್ನು ಆರಿಸಿ ಅವನ ಎದುರಿಗೂ ಮಗುವನ್ನು ಕೂರಿಸುವುದು ಒಳ್ಳೆಯದು.