ಬ್ರಷ್ಷೂ ಇತ್ತು, ಕಾನೂನೂ ಇತ್ತು, ಆದರೂ ಹುಡುಗರು ಚಿಮಣಿ ಹತ್ತಿದರು

ಚಿಮಣಿ ಅಂದರೆ ನಮ್ಮ ಕಡೆ ಮೊದಲು ನೆನಪಾಗುವುದು ಸೀಮೆಎಣ್ಣೆ ದೀಪ. ಉತ್ತರ ಕರ್ನಾಟಕದಲ್ಲಂತೂ ಸೀಮೆಎಣ್ಣೆಗೇ ಚಿಮಣಿ ಎಣ್ಣೆ ಅನ್ನುತ್ತಾರೆ. ಚಳಿ ದೇಶಗಳ ಚಿಮಣಿಯೇ ಬೇರೆ. ಮನೆ ಬೆಚ್ಚಗಿಡಲು ಹೊತ್ತಿಸಿದ ಬೆಂಕಿಯ ಹೊಗೆ ಹೊರಹೋಗಲೆಂದು ಗೋಡೆಯೊಳಗೇ ಕಟ್ಟಿದ ಕೊಳವೆ ಅದು. ನಮ್ಮ ಹಳೇ ಅಡುಗೆಮನೆಗಳ ಮಾಡಿನಲ್ಲಿ ಇಲ್ಲಣ ಕಟ್ಟುತ್ತಿತ್ತಲ್ಲ, ಹಾಗೇ ಅದರೊಳಗೂ ಮಸಿ ಕಟ್ಟುತ್ತದೆ. ತೆಗೆಯದೆ ಬಿಟ್ಟರೆ ಮಸಿಗೇ ಬೆಂಕಿ ಹತ್ತಬಹುದು. ಇಲ್ಲವೇ ದಾರಿ ಮುಚ್ಚಿಹೋಗಿ, ವಾಸನೆಯೇ ಇಲ್ಲದ ಕಾರ್ಬನ್ ಮಾನಾಕ್ಸೈಡ್ ಕೋಣೆಯೊಳಕ್ಕೆ ತಿರುಗಬಹುದು. ಹಾಗಾಗಿ ಚಿಮಣಿ ಗುಡಿಸುವುದು ಅಲ್ಲೊಂದು ಕಸುಬು. ಇಂಗ್ಲೆಂಡಿನಲ್ಲಿ ಆ ಕಸುಬು ನಡೆದುಬಂದ ದಾರಿಯ ಕಥೆ ಇಲ್ಲಿದೆ.

1666ರಲ್ಲಿ ಲಂಡನ್ ನಗರ ಸುಟ್ಟುಹೋದ ಮೇಲೆ ಮನೆಗಳನ್ನು ಇಟ್ಟಿಗೆಯಲ್ಲಿ ಕಟ್ಟಿದರು. ಒಲೆಗಳಲ್ಲಿ ಉರಿಯುತ್ತಿದ್ದದ್ದು ಕಲ್ಲಿದ್ದಲು. ಅದಕ್ಕೆ ಚೆನ್ನಾಗಿ ಗಾಳಿ ಎಳೆಯುವ ಕಿರಿದಾದ ಕೊಳವೆ ಬೇಕು. ಹಾಗಾಗಿ 14 ಇಂಚು ಉದ್ದ, 9 ಇಂಚು ಅಗಲದ ಚಿಮಣಿಗಳು ಸಾಮಾನ್ಯವಾದವು. ನಮ್ಮ ಲೆಕ್ಕದಲ್ಲಿ ಒಂದೂವರೆ ಗೇಣು, ಒಂದು ಗೇಣು! ಕೆಲವಂತೂ ನಾಲ್ಕೂ ಕಡೆ ಒಂದೊಂದೇ ಗೇಣು. ಹಲವು ಕೋಣೆಗಳ ಕೊಳವೆಗಳು ಗೋಡೆಯೊಳಗೆ ಅಂಕುಡೊಂಕಾಗಿ ಸಾಗಿ ಮೇಲೆ ಸೇರುತ್ತಿದ್ದವು. ದೊಡ್ಡವರು ತೂರಲಾಗದ ಇಂಥ ಜಾಗಕ್ಕೆ ಐದಾರು ವರ್ಷದ ಮಕ್ಕಳನ್ನು ಹತ್ತಿಸಿದರು.

ಅವರು ಅನಾಥ ಮಕ್ಕಳು, ಇಲ್ಲವೇ ಬಡ ತಂದೆ ತಾಯಿ ನಾಲ್ಕು ಕಾಸಿಗೆ ಮೇಸ್ತ್ರಿಗೆ ಒಪ್ಪಿಸಿದವರು. ಮೊಣಕೈ, ಮೊಣಕಾಲುಗಳನ್ನು ಗೋಡೆಗೆ ಒತ್ತಿಕೊಂಡು ಹುಳುವಿನಂತೆ ಮೇಲೇರಬೇಕು. ಚರ್ಮ ಕಿತ್ತು ಬಂದರೆ ಬೆಂಕಿಯ ಮುಂದೆ ನಿಲ್ಲಿಸಿ ಉಪ್ಪುನೀರು ತಿಕ್ಕಿ ಗಟ್ಟಿ ಮಾಡುತ್ತಿದ್ದರು. ರಾತ್ರಿ ಹೊದಿಕೆ ಅದೇ ಮಸಿಯ ಚೀಲ. ಆ ಮಸಿಗೂ ಬೆಲೆಯಿತ್ತು, ಗೊಬ್ಬರಕ್ಕೆಂದು ರೈತರು ಕೊಳ್ಳುತ್ತಿದ್ದರು.

1775ರಲ್ಲಿ ಲಂಡನ್ನಿನ ಶಸ್ತ್ರವೈದ್ಯ ಪರ್ಸಿವಲ್ ಪಾಟ್ ಇನ್ನೊಂದು ವಿಷಯ ಬರೆದ. ಈ ಕಸುಬಿನವರಿಗೆ ವೃಷಣಕೋಶದ ಚರ್ಮದಲ್ಲಿ ಕ್ಯಾನ್ಸರ್ ಬರುತ್ತದೆ, ಅದಕ್ಕೆ ಕಾರಣ ಅಲ್ಲಿ ಸೇರಿಕೊಳ್ಳುವ ಮಸಿ ಎಂದ. ಮಾಡುವ ಕೆಲಸದಿಂದ ಕ್ಯಾನ್ಸರ್ ಬರುತ್ತದೆಂದು ವೈದ್ಯಶಾಸ್ತ್ರ ಗುರುತಿಸಿದ ಮೊದಲ ಉದಾಹರಣೆ ಇದು. ಮಸಿಯಲ್ಲೂ ಇರುವ ಬೆಂಜೋಪೈರೀನ್ ಎಂಬ ರಾಸಾಯನಿಕವನ್ನು ಕಲ್ಲಿದ್ದಲ ಡಾಂಬರಿನಿಂದ ಬೇರ್ಪಡಿಸಿ ತೋರಿಸಲು 1933 ಬರಬೇಕಾಯಿತು.

ಹಾಗಾದರೆ ಯಾರೂ ಏನೂ ಮಾಡಲಿಲ್ಲವೇ? ಮಾಡಿದರು. 1788ರಲ್ಲೇ ಕಾನೂನು ಬಂತು: ಎಂಟು ವರ್ಷದೊಳಗಿನವರನ್ನು ಈ ಕೆಲಸಕ್ಕೆ ಸೇರಿಸಬಾರದು. ಆದರೆ ಮೇಸ್ತ್ರಿಗಳಿಗೆ ಪರವಾನಗಿ ಬೇಕೆಂಬ ಮಾತನ್ನು ಲಾರ್ಡ್ಸ್ ಸಭೆ ತೆಗೆದುಹಾಕಿತ್ತು. 1803ರಲ್ಲಿ ಜಾರ್ಜ್ ಸ್ಮಾರ್ಟ್ ಎಂಬಾತ ಟೊಳ್ಳು ಕೋಲುಗಳನ್ನು ಹಗ್ಗದಲ್ಲಿ ಪೋಣಿಸಿ, ತುದಿಗೆ ಬ್ರಷ್ ಕಟ್ಟಿದ ಯಂತ್ರ ಮಾಡಿದ. 1828ರಲ್ಲಿ ಜೋಸೆಫ್ ಗ್ಲಾಸ್ ಅದಕ್ಕಿಂತ ಉತ್ತಮವಾದದ್ದನ್ನು ತಂದ.

ಅಂದರೆ ಹುಡುಗನ ಬದಲು ಬಳಸಲು ಬ್ರಷ್ಷು ತಯಾರಿತ್ತು! ಬೇಡವೆಂದದ್ದು ಮನೆಯೊಡೆಯರು. ಯಂತ್ರದಿಂದ ಕೋಣೆಯ ಜಮಖಾನ ಕೊಳೆಯಾಗುತ್ತದಂತೆ, ಡೊಂಕು ಚಿಮಣಿಗಳನ್ನು ಒಡೆದು ಕಟ್ಟಿಸಲು ಖರ್ಚಂತೆ. ಹುಡುಗರನ್ನು ಹತ್ತಿಸುವುದನ್ನು ನಿಲ್ಲಿಸುವ ಮಸೂದೆಯನ್ನು 1819ರಲ್ಲಿ ಲಾರ್ಡ್ಸ್ ಸಭೆ ತಳ್ಳಿಹಾಕಿತು. ಅಂಥ ಚಿಮಣಿಗಳಿದ್ದ ದೊಡ್ಡ ಮನೆಗಳು ಯಾರವು ಎಂದು ಬೇರೆ ಹೇಳಬೇಕೆ? 1834ರಲ್ಲಿ ಇನ್ನೊಂದು ಕಾನೂನು. 1840ರಲ್ಲಿ ಮತ್ತೊಂದು: 21 ವರ್ಷದೊಳಗಿನ ಯಾರೂ ಚಿಮಣಿ ಹತ್ತಬಾರದು. 1863ರಲ್ಲಿ ಚಾರ್ಲ್ಸ್ ಕಿಂಗ್ಸ್ಲಿ ಇಂಥ ಹುಡುಗನೊಬ್ಬನನ್ನೇ ನಾಯಕನಾಗಿಸಿ 'ದಿ ವಾಟರ್ ಬೇಬೀಸ್' ಬರೆದ. 1864ರಲ್ಲಿ ಮಗದೊಂದು ಕಾನೂನು. ಮಕ್ಕಳು ಹತ್ತುತ್ತಲೇ ಇದ್ದರು. ಕಾನೂನು ಮುರಿದವರನ್ನು ಹುಡುಕಿ ಹಿಡಿಯುವುದು ಯಾರ ಕೆಲಸವೆಂದು ಯಾವ ಕಾನೂನೂ ಸರಿಯಾಗಿ ಹೇಳಿರಲಿಲ್ಲ.

1875ರ ಫೆಬ್ರವರಿಯಲ್ಲಿ ಕೇಂಬ್ರಿಡ್ಜ್ ಹತ್ತಿರದ ಫುಲ್ಬೋರ್ನ್ ಮಾನಸಿಕ ಆಸ್ಪತ್ರೆಯ ಚಿಮಣಿಗೆ ಜಾರ್ಜ್ ಬ್ರೂಸ್ಟರ್ ಎಂಬ ಹುಡುಗನನ್ನು ಅವನ ಮೇಸ್ತ್ರಿ ವಿಲಿಯಂ ವೈಯರ್ ಹತ್ತಿಸಿದ. ಹುಡುಗನಿಗೆ ಹನ್ನೊಂದೋ ಹನ್ನೆರಡೋ ವರ್ಷ. ಒಳಗೆ ಸಿಕ್ಕಿಕೊಂಡ. ಗೋಡೆ ಒಡೆದು ಹೊರಗೆ ತೆಗೆದರು. ಸ್ವಲ್ಪ ಹೊತ್ತಿಗೇ ಸತ್ತ. ಮೇಸ್ತ್ರಿಗೆ ಆರು ತಿಂಗಳ ಕಠಿಣ ಸಜೆಯಾಯಿತು.

ಎಷ್ಟೋ ವರ್ಷಗಳಿಂದ ಇದಕ್ಕಾಗಿ ಹೋರಾಡುತ್ತಿದ್ದ ಲಾರ್ಡ್ ಶಾಫ್ಟ್ಸ್‌ಬರಿ ಅದೇ ವರ್ಷ ಹೊಸ ಕಾನೂನು ಮಾಡಿಸಿದ. ಅದರಲ್ಲಿ ಹೆಚ್ಚಿನದೇನಿತ್ತು? ಚಿಮಣಿ ಗುಡಿಸುವ ಪ್ರತಿಯೊಬ್ಬ ಮೇಸ್ತ್ರಿಯೂ ಪೊಲೀಸರಿಂದ ಪರವಾನಗಿ ಪಡೆಯಬೇಕು, ಹಳೆಯ ಕಾನೂನುಗಳು ಪಾಲನೆಯಾಗುತ್ತಿವೆಯೇ ಎಂದು ಪೊಲೀಸರೇ ನೋಡಬೇಕು, ಅಷ್ಟೇ. 1788ರಲ್ಲಿ ಬಿಟ್ಟುಹೋದದ್ದು 87 ವರ್ಷದ ಮೇಲೆ ಸೇರಿತು. ಹುಡುಗನನ್ನು ಹತ್ತಿಸಿದರೆ ಕಸುಬೇ ಹೋಗುತ್ತದೆ ಎಂದಾದ ಮೇಲೆ ಎಲ್ಲರ ಕೈಗೂ ಬ್ರಷ್ ಬಂತು!

ಜರ್ಮನಿಯದು ಬೇರೆ ದಾರಿ. ಅಲ್ಲಿ ಊರನ್ನು ವಿಭಾಗಗಳಾಗಿ ಹಂಚಿ ಒಂದೊಂದಕ್ಕೆ ಒಬ್ಬೊಬ್ಬ ಮೇಸ್ತ್ರಿಯನ್ನು ನೇಮಿಸುತ್ತಿದ್ದರು, ಮನೆಯವರಿಗೆ ಆಯ್ಕೆಯೇ ಇರಲಿಲ್ಲ. 2013ರಿಂದ ಗುಡಿಸುವುದಕ್ಕೆ ಬೇಕಾದವರನ್ನು ಕರೆಯಬಹುದು. ಒಲೆ, ಚಿಮಣಿಗಳ ತಪಾಸಣೆ ಮಾತ್ರ ಇಂದಿಗೂ ಆ ವಿಭಾಗದ ಮೇಸ್ತ್ರಿಯದೇ.

ಬ್ರಿಟನ್ನಿನಲ್ಲಿ ಆ ಹಳೇ ಕಾನೂನುಗಳು 1938ರಲ್ಲಿ ರದ್ದಾದವು. ಈಗ ಅಲ್ಲಿ ಈ ಕಸುಬಿಗೆ ಸರ್ಕಾರಿ ಪರವಾನಗಿ ಬೇಕಿಲ್ಲ. ಬ್ರಷ್ ಹಿಡಿದು ಯಾರು ಬೇಕಾದರೂ ಬಾಗಿಲು ತಟ್ಟಬಹುದು. ಅಲ್ಲಿ ಒಲೆಯಿರುವ ಮನೆ ಹಿಡಿದ ನಮ್ಮವರು ಇದನ್ನು ನೆನಪಿಡಿ: ವರ್ಷಕ್ಕೊಮ್ಮೆಯಾದರೂ, ಕಟ್ಟಿಗೆ ಹೆಚ್ಚು ಉರಿಸಿದರೆ ಇನ್ನೂ ಬೇಗ, ಚಿಮಣಿ ಗುಡಿಸಿಸಬೇಕು. ಬಂದವನು ತರಬೇತಿ ಪಡೆದವನೇ, ಯಾವುದಾದರೂ ಕಸುಬಿನ ಸಂಘದ ಸದಸ್ಯನೇ, ಕೆಲಸ ಮುಗಿಸಿ ಪ್ರಮಾಣಪತ್ರ ಕೊಡುತ್ತಾನೆಯೇ ಎಂದು ಕೇಳಬೇಕು. ಕೋಣೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಅಲಾರಂ ಇರಲೇಬೇಕು.

ಅಂದು ಮನೆಯೊಡೆಯರು ಕೇಳಿದ್ದು ಜಮಖಾನ ಕೊಳೆಯಾಗುತ್ತದೆಯೇ ಎಂದು ಮಾತ್ರ. ಒಳಗೆ ಹೋಗುವವರು ಯಾರು ಎಂದು ಅವರು ಆಗಲೇ ಕೇಳಿದ್ದರೆ, ಗೋಡೆ ಒಡೆಯುವವರೆಗೆ ಕಾಯಬೇಕಿರಲಿಲ್ಲ.