ಒತ್ತಡ ಹೆಚ್ಚಾದರೆ ರೋಗನಿರೋಧಕ ಶಕ್ತಿ ಕುಗ್ಗುತ್ತಾ? ಕಾರ್ಟಿಸೋಲ್ ಮಾಡುವ ಕೆಲಸವೇನು? ಇಲ್ಲಿದೆ ಮಾಹಿತಿ

ಪುಣೆ: ವೈರಾಣು ಸಂಶೋಧನೆ ಮತ್ತು ಲಸಿಕೆ ತಯಾರಿಕೆ ಎಂದ ಕೂಡಲೇ ದೇಶದಲ್ಲಿ ಮೊದಲು ನೆನಪಾಗುವ ಊರು ಪುಣೆ. 1952ರಲ್ಲಿ ಇಲ್ಲಿ ಆರಂಭವಾದ ವೈರಾಣು ಸಂಶೋಧನಾ ಕೇಂದ್ರವೇ ಇಂದಿನ ರಾಷ್ಟ್ರೀಯ ವೈರಾಣು ಸಂಸ್ಥೆ (ಎನ್‌ಐವಿ). 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಕಾಣಿಸಿಕೊಂಡ ಮಂಗನ ಕಾಯಿಲೆಯ ವೈರಾಣುವನ್ನು ಪತ್ತೆ ಮಾಡಿದ್ದೂ ಇದೇ ಸಂಸ್ಥೆಯ ವಿಜ್ಞಾನಿಗಳು. 1966ರಲ್ಲಿ ಸ್ಥಾಪನೆಯಾದ ಸೀರಮ್ ಇನ್‌ಸ್ಟಿಟ್ಯೂಟ್ ಇರುವುದೂ ಇದೇ ನಗರದಲ್ಲಿ.

ಆದರೆ ಇದೇ ಪುಣೆಗೆ ಇನ್ನೊಂದು ಮುಖವೂ ಇದೆ. ಸದಾಶಿವ ಪೇಠದ ವಾಚನಾಲಯಗಳಲ್ಲಿ ತಡರಾತ್ರಿವರೆಗೆ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ವಿದ್ಯಾರ್ಥಿಗಳು, ಹಿಂಜೆವಾಡಿಯ ಐಟಿ ಕಂಪನಿಗಳಲ್ಲಿ ರಾತ್ರಿ ಪಾಳಿ ಮಾಡುವ ಉದ್ಯೋಗಿಗಳು ಇಲ್ಲಿ ಸಾವಿರಾರು. ಅವರಲ್ಲಿ ಬೆಳಗಾವಿ, ವಿಜಯಪುರ, ಕಲಬುರಗಿ ಕಡೆಯಿಂದ ಬಂದ ಕನ್ನಡಿಗರೂ ಇದ್ದಾರೆ. "ಪರೀಕ್ಷೆ ಹತ್ತಿರ ಬಂದರೆ ಸಾಕು, ನೆಗಡಿ ಶುರು" ಎಂಬ ಮಾತು ಬರೀ ನೆಪವೋ, ನಿಜವೋ? ವಿಜ್ಞಾನ ಏನು ಹೇಳುತ್ತದೆ ನೋಡೋಣ.

ಒತ್ತಡವಾದಾಗ ದೇಹದಲ್ಲಿ ಏನಾಗುತ್ತದೆ?

ಅಪಾಯದ ಸೂಚನೆ ಸಿಕ್ಕ ಕೆಲವೇ ಕ್ಷಣಗಳಲ್ಲಿ ಅಡ್ರಿನಲಿನ್ ರಕ್ತಕ್ಕೆ ಸೇರುತ್ತದೆ. ಎದೆ ಬಡಿತ ಏರುತ್ತದೆ, ಉಸಿರು ಜೋರಾಗುತ್ತದೆ. ಇದರ ಬೆನ್ನಲ್ಲೇ ಎರಡನೇ ವ್ಯವಸ್ಥೆ ಎಚ್ಚರಗೊಳ್ಳುತ್ತದೆ. ಮೆದುಳಿನ ಹೈಪೋಥಲಾಮಸ್ ಭಾಗ ಪಿಟ್ಯುಟರಿ ಗ್ರಂಥಿಗೆ ಸಂದೇಶ ಕಳಿಸುತ್ತದೆ. ಪಿಟ್ಯುಟರಿ, ಮೂತ್ರಪಿಂಡದ ಮೇಲೆ ಟೋಪಿಯಂತೆ ಕೂತಿರುವ ಅಡ್ರಿನಲ್ ಗ್ರಂಥಿಗೆ ಸೂಚನೆ ನೀಡುತ್ತದೆ. ಆಗ ಬಿಡುಗಡೆಯಾಗುವ ಹಾರ್ಮೋನ್ ಕಾರ್ಟಿಸೋಲ್.

ಕಾರ್ಟಿಸೋಲ್ ಶತ್ರುವಲ್ಲ. ಬೆಳಗ್ಗೆ ನಾವು ಏಳುವ ಹೊತ್ತಿಗೆ ಅದರ ಪ್ರಮಾಣ ಹೆಚ್ಚಿರುತ್ತದೆ, ರಾತ್ರಿ ಇಳಿಯುತ್ತದೆ. ರಕ್ತಕ್ಕೆ ಸಕ್ಕರೆ ಒದಗಿಸುವುದು, ಉರಿಯೂತ ಮಿತಿ ಮೀರದಂತೆ ತಡೆಯುವುದು ಅದರ ಕೆಲಸ. ಸಂಧಿವಾತ, ಅಸ್ತಮಾಕ್ಕೆ ವೈದ್ಯರು ಕೊಡುವ ಸ್ಟೀರಾಯ್ಡ್ ಔಷಧಗಳು ಇದೇ ಗುಣವನ್ನು ಬಳಸಿಕೊಳ್ಳುತ್ತವೆ. ಈ ಹಾರ್ಮೋನ್‌ಗಳ ಸಂಶೋಧನೆಗೆ 1950ರಲ್ಲಿ ಮೂವರು ವಿಜ್ಞಾನಿಗಳಿಗೆ ನೊಬೆಲ್ ಪ್ರಶಸ್ತಿ ಸಂದಿತ್ತು.

ಅಲ್ಪ ಒತ್ತಡ ಬೇರೆ, ದೀರ್ಘ ಒತ್ತಡ ಬೇರೆ

ಎಲ್ಲ ಒತ್ತಡವೂ ರೋಗನಿರೋಧಕ ಶಕ್ತಿಯನ್ನು ಕುಗ್ಗಿಸುವುದಿಲ್ಲ. ಕೆಲವು ನಿಮಿಷಗಳ ಒತ್ತಡದಲ್ಲಿ ರಕ್ಷಣಾ ಕಣಗಳು ಹೆಚ್ಚಾಗಿ ರಕ್ತಕ್ಕೆ ಇಳಿಯುತ್ತವೆ. ಗಾಯವಾಗುವ ಸಂಭವ ಇರುವಾಗ ಇದು ದೇಹದ ಮುಂಜಾಗ್ರತೆ.

ತೊಂದರೆ ಶುರುವಾಗುವುದು ಒತ್ತಡ ವಾರಗಟ್ಟಲೆ, ತಿಂಗಳುಗಟ್ಟಲೆ ಮುಂದುವರಿದಾಗ. ದಿನವಿಡೀ ಹಾರ್ನ್ ಕೇಳುವ ರಸ್ತೆಯ ಪಕ್ಕದ ಮನೆಯವರಿಗೆ ಕ್ರಮೇಣ ಆ ಸದ್ದು ಕೇಳಿಸದಂತಾಗುತ್ತದೆ. ಹಾಗೆಯೇ ರಕ್ಷಣಾ ಕಣಗಳು ಕಾರ್ಟಿಸೋಲ್‌ನ ಮಾತು ಕೇಳುವುದನ್ನು ಕಡಿಮೆ ಮಾಡುತ್ತವೆ. ಪರಿಣಾಮ ಎರಡು ಬಗೆಯದು: ವೈರಾಣುಗಳನ್ನು ಎದುರಿಸುವ ಸಾಮರ್ಥ್ಯ ತಗ್ಗುತ್ತದೆ, ಉರಿಯೂತ ಮಾತ್ರ ಆರದೆ ಉಳಿಯುತ್ತದೆ.

ಸಂಶೋಧನೆಗಳು ಕಂಡುಕೊಂಡಿದ್ದೇನು?

* ನೆಗಡಿ: ಶೆಲ್ಡನ್ ಕೋಹೆನ್ ಮತ್ತು ಸಂಗಡಿಗರು 1991ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 394 ಆರೋಗ್ಯವಂತರ ಮೂಗಿಗೆ ನೆಗಡಿ ವೈರಾಣುವಿನ ಹನಿ ಹಾಕಲಾಗಿತ್ತು. ಒತ್ತಡ ಅತಿ ಕಡಿಮೆ ಇದ್ದವರಲ್ಲಿ ಸುಮಾರು ಶೇ. 27ರಷ್ಟು ಮಂದಿಗೆ ನೆಗಡಿಯಾದರೆ, ಅತಿ ಹೆಚ್ಚು ಇದ್ದವರಲ್ಲಿ ಸುಮಾರು ಶೇ. 47ರಷ್ಟು ಮಂದಿಗೆ ನೆಗಡಿಯಾಯಿತು.

* ಗಾಯ: ಅಮೆರಿಕದ ಓಹಾಯೋದಲ್ಲಿ 11 ದಂತವೈದ್ಯ ವಿದ್ಯಾರ್ಥಿಗಳ ಬಾಯಿಯ ಅಂಗುಳಲ್ಲಿ ಸಣ್ಣ ಗಾಯ ಮಾಡಿ ಗಮನಿಸಲಾಯಿತು. ರಜೆಯಲ್ಲಿ ಮಾಡಿದ ಗಾಯಕ್ಕಿಂತ ಪರೀಕ್ಷೆಗೆ ಮುನ್ನ ಮಾಡಿದ ಗಾಯ ಮಾಯಲು ಸರಾಸರಿ 3 ದಿನ ಹೆಚ್ಚು ಬೇಕಾಯಿತು. 1998ರಲ್ಲಿ ಈ ಫಲಿತಾಂಶ ಪ್ರಕಟವಾಯಿತು.

* ಲಸಿಕೆ: ಮರೆವಿನ ಕಾಯಿಲೆಯ ಸಂಗಾತಿಯನ್ನು ವರ್ಷಗಟ್ಟಲೆ ಆರೈಕೆ ಮಾಡುತ್ತಿದ್ದ ಹಿರಿಯರಲ್ಲಿ ಫ್ಲೂ ಲಸಿಕೆಗೆ ಪ್ರತಿಕಾಯಗಳ ಉತ್ಪತ್ತಿ ಕಡಿಮೆ ಇತ್ತು ಎಂದು ಜಾನಿಸ್ ಕೀಕೋಲ್ಟ್-ಗ್ಲೇಸರ್ ತಂಡ 1996ರಲ್ಲಿ ವರದಿ ಮಾಡಿತು.

ಲಸಿಕೆ ಎಷ್ಟೇ ಚೆನ್ನಾಗಿರಲಿ, ಪ್ರತಿಕಾಯ ತಯಾರಿಸಬೇಕಾದದ್ದು ನಮ್ಮ ದೇಹವೇ. ಹಾಗೆಂದು ಒತ್ತಡದಲ್ಲಿರುವವರು ಲಸಿಕೆ ಮುಂದೂಡಬೇಕಿಲ್ಲ. ಸೋಂಕು ತಗುಲುವ ಅಪಾಯ ಹೆಚ್ಚಿರುವವರಿಗೇ ಅದರ ಅಗತ್ಯ ಹೆಚ್ಚು.

ಯೋಗದಿಂದ ಪ್ರಯೋಜನವಿದೆಯೇ?

ಪುಣೆಯಲ್ಲಿ ಈ ಪ್ರಶ್ನೆ ಬಂದರೆ ಬಿ.ಕೆ.ಎಸ್. ಅಯ್ಯಂಗಾರ್ ಹೆಸರು ಬಾರದಿರದು. ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ ಫ್ಲೂ ಮಹಾಮಾರಿಯ ನಡುವೆ, 1918ರ ಡಿಸೆಂಬರ್ 14ರಂದು ಹುಟ್ಟಿದವರು ಅವರು. ಬಾಲ್ಯದಲ್ಲಿ ಮಲೇರಿಯಾ, ಟೈಫಾಯ್ಡ್, ಕ್ಷಯ ಕಾಡಿದ್ದವು. 1937ರಲ್ಲಿ ಯೋಗ ಕಲಿಸಲು ಪುಣೆಗೆ ಬಂದು ಇಲ್ಲೇ ನೆಲೆಸಿದರು. 1975ರಲ್ಲಿ ಪತ್ನಿ ರಮಾಮಣಿ ಅವರ ಹೆಸರಿನಲ್ಲಿ ಯೋಗ ಸಂಸ್ಥೆ ತೆರೆದರು. 2014ರಲ್ಲಿ 95ನೇ ವಯಸ್ಸಿನಲ್ಲಿ ನಿಧನರಾದರು.

ಒಬ್ಬರ ಬದುಕು ವೈಜ್ಞಾನಿಕ ಪುರಾವೆಯಾಗದು. ಯೋಗ, ಧ್ಯಾನ, ನಡಿಗೆ ಒತ್ತಡ ತಗ್ಗಿಸಲು ನೆರವಾಗುತ್ತವೆ. ಆದರೆ ಅವು ಸೋಂಕಿಗೆ ಔಷಧವಲ್ಲ, ಲಸಿಕೆಗೆ ಬದಲಿಯೂ ಅಲ್ಲ.

ನೀವು ಏನು ಮಾಡಬಹುದು?

* ನಿದ್ದೆಗೆ ಮೊದಲ ಸ್ಥಾನ ಕೊಡಿ. ವಯಸ್ಕರಿಗೆ ದಿನಕ್ಕೆ ಕನಿಷ್ಠ 7 ಗಂಟೆ ನಿದ್ದೆ ಬೇಕು.
* ಒತ್ತಡದ ದಿನಗಳಲ್ಲಿ ಊಟ ಬಿಡುವುದು, ಸಿಗರೇಟು, ಮದ್ಯ ಹೆಚ್ಚಿಸುವುದು ಬೇಡ. ಇವೂ ರೋಗನಿರೋಧಕ ಶಕ್ತಿಗೆ ಪೆಟ್ಟು ಕೊಡುತ್ತವೆ.
* ಮನೆಯಲ್ಲಿ ದೀರ್ಘಕಾಲದ ರೋಗಿ ಇದ್ದರೆ ಆರೈಕೆಯ ಹೊಣೆ ಒಬ್ಬರ ಮೇಲೆಯೇ ಬೀಳದಂತೆ ಹಂಚಿಕೊಳ್ಳಿ.
* ಸ್ಟೀರಾಯ್ಡ್ ಮಾತ್ರೆಗಳನ್ನು ವೈದ್ಯರ ಸಲಹೆಯಿಲ್ಲದೆ ಶುರು ಮಾಡಬೇಡಿ, ಏಕಾಏಕಿ ನಿಲ್ಲಿಸಲೂಬೇಡಿ.
* ಪದೇ ಪದೇ ಜ್ವರ, ಕಾರಣವಿಲ್ಲದೆ ತೂಕ ಇಳಿಕೆ, ಮಾಯದ ಗಾಯ ಇದ್ದರೆ "ಟೆನ್ಷನ್‌ನಿಂದ ಹೀಗೆ" ಎಂದು ಸುಮ್ಮನಿರಬೇಡಿ. ಮಧುಮೇಹ, ಕ್ಷಯದಂಥ ಕಾಯಿಲೆಗಳೂ ಹೀಗೆಯೇ ಕಾಣಿಸಿಕೊಳ್ಳುತ್ತವೆ. ವೈದ್ಯರಿಗೆ ತೋರಿಸಿ.
* ಮನಸ್ಸು ತೀರಾ ಕುಗ್ಗಿದ್ದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಕನ್ನಡದಲ್ಲೂ ಮಾತನಾಡಬಹುದು.